ಕೊಲೊನೋಸ್ಕೋಪಿ ಕಲಿಸಲು ಯಾವ ಸಿಮ್ಯುಲೇಟರ್? ಕಟ್ಟುವ ಮುಂಚೆ, ಕೊಳ್ಳುವ ಮುಂಚೆ

ಸ್ಕೋಪ್ ಒಳಗೆ ಹೋಗುತ್ತಿದೆ, ಪರದೆಯ ಮೇಲಿನ ಚಿತ್ರ ಮಾತ್ರ ನಿಂತಲ್ಲೇ ನಿಂತಿದೆ. ಕೊಲೊನೋಸ್ಕೋಪಿ, ಅಂದರೆ ಕ್ಯಾಮೆರಾ ಇರುವ ಬಗ್ಗುವ ಕೊಳವೆಯನ್ನು (ಸ್ಕೋಪ್) ದೊಡ್ಡ ಕರುಳಿನೊಳಗೆ ತೂರಿಸಿ ನೋಡುವ ಪರೀಕ್ಷೆ, ಕಲಿಯುವ ಎಲ್ಲರಿಗೂ ಈ ಗಳಿಗೆ ಗೊತ್ತು. ಇನ್ನೂ ಸ್ವಲ್ಪ ತಳ್ಳಿದರೆ ಚಿತ್ರ ಹಿಂದಕ್ಕೇ ಸರಿಯುತ್ತದೆ. ತಳ್ಳಿದ ಉದ್ದ ತುದಿಯವರೆಗೆ ತಲುಪುತ್ತಿಲ್ಲ. ಸಿಗ್ಮಾಯ್ಡ್ ಅನ್ನುವ ಜೋಲು ಭಾಗದಲ್ಲಿ ಕರುಳನ್ನು ಬಿಲ್ಲಿನ ಹಾಗೆ ಬಗ್ಗಿಸುತ್ತಿದೆ. ಇದಕ್ಕೆ ಲೂಪ್ ಅನ್ನುತ್ತಾರೆ. ರೋಗಿ ಮುಖ ಕಿವುಚುವುದು ಇಲ್ಲೇ, ಕಲಿಯುವವರ ಕೈ ಬೆವರುವುದೂ ಇಲ್ಲೇ. ಪಕ್ಕದಲ್ಲಿ ನಿಂತ ಪ್ರೊಫೆಸರ್ ಹೇಳುತ್ತಾರೆ: "ತಳ್ಳಬೇಡಮ್ಮಾ, ಹಿಂದಕ್ಕೆ ಎಳ್ಕೋ, ಬಲಕ್ಕೆ ತಿರುಗಿಸು." ಹಿಂದಕ್ಕೆ ಎಳೆದರೆ ಮುಂದೆ ಹೋಗುತ್ತದೆ ಅನ್ನುವುದು ಕೇಳಿದ ಕೂಡಲೇ ತಲೆಗೆ ಹೋಗುತ್ತದೆ. ಕೈಗೆ ಹೋಗಲು ತಿಂಗಳುಗಳು ಬೇಕು.

ನನ್ನದು ಡಾಕ್ಟರಿಕೆಯಲ್ಲ, ಮಾದರಿ ಕಟ್ಟುವ ಕೆಲಸ. ಮೆಡಿಕಲ್ ಕಾಲೇಜುಗಳ ಸ್ಕಿಲ್ ಲ್ಯಾಬ್‌ಗಳಿಗೆ ಅಭ್ಯಾಸದ ಅಂಗಗಳನ್ನು ಮಾಡಿಕೊಡುತ್ತೇನೆ. ಎಂಡೋಸ್ಕೋಪಿ ರೂಮಿನಲ್ಲಿ ಗೋಡೆಗೆ ಒರಗಿ ನಿಂತು ಡಾಕ್ಟರುಗಳ ಕೈಗಳನ್ನು ನೋಡುತ್ತೇನೆ, ವಾಪಸ್ ಬಂದು ಸಿಲಿಕೋನ್ ಕಲಸುತ್ತೇನೆ. ಈಚೆಗೆ ಒಂದೇ ಪ್ರಶ್ನೆ ಜಾಸ್ತಿ ಬರುತ್ತಿದೆ. ಸಿಲಿಕೋನ್ ಕರುಳು ಮಾಡಿಸೋಣವಾ, ಹಂದಿಯ ಅಂಗ ತರಿಸೋಣವಾ, ಇಲ್ಲ ಕಂಪ್ಯೂಟರ್ ಸಿಮ್ಯುಲೇಟರನ್ನೇ ಕೊಳ್ಳೋಣವಾ? ಇದಕ್ಕೆ ಫೋನಿನಲ್ಲಿ ಎರಡು ಮಾತಿನ ಉತ್ತರ ಕೊಟ್ಟು ತಪ್ಪು ದಾರಿ ತೋರಿಸಿದ್ದೂ ಇದೆ. ಅದಕ್ಕೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಯಾರ ಕೈಗೆ, ಯಾವ ಕೆಲಸ?

ಬಜೆಟ್ ಆಮೇಲೆ ನೋಡೋಣ. ಮೊದಲು ನಿಮ್ಮಲ್ಲಿ ಕಲಿಯಲು ಬರುವವರನ್ನು ನೋಡಿ. ಸಾಮಾನ್ಯವಾಗಿ ಮೂರು ಥರದವರು ಇರುತ್ತಾರೆ.

ಮೊದಲನೆಯವರು ಸ್ಕೋಪನ್ನು ಹಿಡಿದೇ ಇಲ್ಲ. ಎಡಗೈಯ ಹೆಬ್ಬೆರಳಿನಿಂದ ದೊಡ್ಡ ಚಕ್ರ ತಿರುಗಿಸಿದರೆ ತುದಿ ಮೇಲೆ ಕೆಳಗೆ, ಚಿಕ್ಕ ಚಕ್ರ ತಿರುಗಿಸಿದರೆ ಎಡಕ್ಕೆ ಬಲಕ್ಕೆ. ತೋರುಬೆರಳು ಗಾಳಿ, ನೀರು, ಸಕ್ಷನ್ ಗುಂಡಿಗಳ ಮೇಲೆ. ಬಲಗೈ ಸ್ಕೋಪಿನ ಕೊಳವೆಯನ್ನು ತಳ್ಳಬೇಕು, ಎಳೆಯಬೇಕು, ತಿರುಚಬೇಕು. ಇವೆಲ್ಲ ಒಟ್ಟಿಗೆ ನಡೆಯಬೇಕು. ಇವರಿಗೆ ಇನ್ನೂ ಕರುಳೇ ಬೇಕಿಲ್ಲ.

ಎರಡನೆಯವರಿಗೆ ಚಕ್ರಗಳು ಗೊತ್ತು, ಸಿಗ್ಮಾಯ್ಡ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ. ಇವರಿಗೆ ಲೂಪ್ ಬೇಕು. ಮೂರನೆಯವರು ಸೀಕಮ್‌ವರೆಗೆ, ಅಂದರೆ ದೊಡ್ಡ ಕರುಳಿನ ಕೊನೆಯವರೆಗೆ, ಆರಾಮಾಗಿ ತಲುಪುತ್ತಾರೆ. ಪಾಲಿಪ್, ಅಂದರೆ ಕರುಳಿನ ಒಳಗೋಡೆಯಲ್ಲಿ ಬೆಳೆಯುವ ಗಂಟು, ತೆಗೆಯುವುದು, ರಕ್ತ ನಿಲ್ಲಿಸುವುದು ಕಲಿಯಬೇಕು. ಇವರಿಗೆ ಸುಡುವ, ಕುಯ್ಯುವ, ಕ್ಲಿಪ್ ಕಚ್ಚುವ ಅಂಗಾಂಶ ಬೇಕು.

ಈ ಮೂರನ್ನೂ ಒಂದೇ ಮಾದರಿಯಲ್ಲಿ ತುಂಬಲು ಹೋದರೆ ಮೂರೂ ಅರೆಬರೆ ಆಗುತ್ತವೆ. ನಾನೇ ಒಂದು ಸಲ ಹಾಗೆ ಮಾಡಿದ್ದೆ. ಪಾಲಿಪ್ ಜಾಗಕ್ಕೆ ಗಟ್ಟಿ ಚೌಕಟ್ಟು ಕೂರಿಸಿದೆ, ಆ ಭಾಗದ ಕರುಳು ಬಗ್ಗುವುದನ್ನೇ ನಿಲ್ಲಿಸಿತು, ಲೂಪ್ ಆಗಲೇ ಇಲ್ಲ.

ಎಷ್ಟು ಅಭ್ಯಾಸ ಬೇಕು ಅನ್ನುವುದಕ್ಕೆ ಒಂದು ಅಂದಾಜು ಇದೆ. ಅಮೆರಿಕದ ಮೇಯೋ ಕ್ಲಿನಿಕ್‌ನವರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಲಿಯುವವರು ಸ್ವಂತವಾಗಿ ಮಾಡುವ ಮಟ್ಟಕ್ಕೆ ಬರಲು ಸರಾಸರಿ 275ರಷ್ಟು ಕೊಲೊನೋಸ್ಕೋಪಿ ಬೇಕಾಯಿತು. ಯಾವ ಸಿಮ್ಯುಲೇಟರೂ ಅಷ್ಟನ್ನು ತುಂಬಿಕೊಡುವುದಿಲ್ಲ. ಆದರೆ ಆ ಸಾಲಿನ ಮೊದಲ ಕೆಲವು, ರೋಗಿಗೆ ಅತಿ ಹೆಚ್ಚು ನೋವಾಗುವಂಥವು, ಮೇಜಿನ ಮೇಲೆ ಆಗಿಹೋಗಲಿ ಅನ್ನುವುದಕ್ಕಾಗಿಯೇ ಈ ಎಲ್ಲ ಪಾಡು.

ಪೆಟ್ಟಿಗೆ ಮಾದರಿ

ಇದು ಎಲ್ಲಕ್ಕಿಂತ ಅಗ್ಗ. ಹೊಸಬರಿಗೆ ಎಲ್ಲಕ್ಕಿಂತ ಒಳ್ಳೆಯದು ಅಂತಲೂ ನನಗೆ ಅನ್ನಿಸುತ್ತದೆ. ಅಂಗದ ಆಕಾರವೇ ಇರುವುದಿಲ್ಲ. ಒಂದು ಪೆಟ್ಟಿಗೆ, ಒಳಗೆ ಕೆಲಸಗಳು. ಬಾಸ್ಟನ್‌ನ ಬ್ರಿಗಮ್ ಆಂಡ್ ವಿಮೆನ್ಸ್ ಆಸ್ಪತ್ರೆಯಲ್ಲಿ ರೂಪುಗೊಂಡ ಥಾಂಪ್ಸನ್ ಟ್ರೈನರ್ ಇದಕ್ಕೆ ಹೆಸರಾದ ಉದಾಹರಣೆ. ಅದರಲ್ಲಿ ಐದು ಕೆಲಸ: ತುದಿಯನ್ನು ಹಿಂದಕ್ಕೆ ಮಡಚಿ ನೋಡುವುದು, ಚಕ್ರಗಳ ಹಿಡಿತ, ತಿರುಚುವುದು, ಪಾಲಿಪ್ ಹಿಡಿಯುವುದು, ದಾರಿ ಹುಡುಕುತ್ತಾ ಲೂಪ್ ಬಿಡಿಸುವುದು.

ಇಂಥದ್ದನ್ನು ನಮ್ಮಲ್ಲೂ ಕಟ್ಟಬಹುದು. ಪ್ಲೈವುಡ್ ಪೆಟ್ಟಿಗೆ, ಒಳಗೆ ಕಪ್ಪು ಬಣ್ಣ, ಗೋಡೆಗಳ ಮೇಲೆ ಅಂಕಿಗಳು. ಮಕ್ಕಳ ತೆಳು ಬಳೆಯೊಂದನ್ನು ಫೋರ್ಸೆಪ್ಸ್‌ನಿಂದ ಎತ್ತಿ ಇನ್ನೊಂದು ಗೂಟಕ್ಕೆ ಹಾಕುವ ಆಟ ಇಡಿ. ಎರಡೇ ದಿನದಲ್ಲಿ ಹೆಬ್ಬೆರಳು ಪಳಗುತ್ತದೆ. ಬಾಗದ ಗೋಡೆಗಳು, ಹಿಗ್ಗದ ದಾರಿ. ಹಾಗಾಗಿ ಇಲ್ಲಿ ಚೆನ್ನಾಗಿ ಮಾಡಿದವರು ಕರುಳಿನಲ್ಲೂ ಚೆನ್ನಾಗಿ ಮಾಡುತ್ತಾರೆ ಅಂತ ಹೇಳಲಾಗದು. ಬಾರದಿರುವುದು ಚಕ್ರವಾ ಲೂಪಾ ಅನ್ನುವುದಂತೂ ಬೇಗ ಗೊತ್ತಾಗುತ್ತದೆ.

ಹಂದಿಯ ಅಂಗ

ಜರ್ಮನಿಯ ಎರ್ಲಾಂಗೆನ್‌ನಲ್ಲಿ 1990ರ ದಶಕದಲ್ಲಿ ಹಂದಿಯ ಹೊಟ್ಟೆಯನ್ನು, ಅಂದರೆ ಜಠರವನ್ನು, ಒಂದು ಪ್ಲಾಸ್ಟಿಕ್ ಮೈಯೊಳಗೆ ಕೂರಿಸಿದರು. ಗೋಡೆಗೆ ರಕ್ತನಾಳದ ತುಂಡು ಹೊಲಿದು, ಪಂಪಿನಿಂದ ಕೆಂಪು ನೀರು ಚಿಮ್ಮಿಸಿದರು. ಚಿಮ್ಮುವ ರಕ್ತದ ನಡುವೆ ಕ್ಲಿಪ್ ಹಾಕುವುದನ್ನು, ಸೂಜಿ ಚುಚ್ಚುವುದನ್ನು ಇದರ ಮೇಲೆ ಕಲಿತವರು ತುಂಬಾ ಜನ. ರಕ್ತ ನಿಲ್ಲಿಸುವ ತರಬೇತಿಗೆ ಇವತ್ತಿಗೂ ಇದಕ್ಕೆ ಸಮನಾದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ನಿಜವಾದ ಅಂಗಾಂಶ ಸೂಜಿಗೆ ಉಬ್ಬುತ್ತದೆ, ಕರೆಂಟಿಗೆ ಸುಡುತ್ತದೆ, ಕ್ಲಿಪ್ಪನ್ನು ಹಿಡಿದುಕೊಳ್ಳುತ್ತದೆ. ಸಿಲಿಕೋನ್ ಮೇಲೆ ಕ್ಲಿಪ್ ಜಾರಿ ಬೀಳುತ್ತದೆ.

ಆದರೆ ಕೊಲೊನೋಸ್ಕೋಪಿಯ ಮಟ್ಟಿಗೆ ಒಂದು ತೊಡಕಿದೆ. ಹಂದಿಯ ದೊಡ್ಡ ಕರುಳು ಚಕ್ಕುಲಿಯ ಹಾಗೆ ಸುತ್ತಿಕೊಂಡಿರುತ್ತದೆ. ಮನುಷ್ಯರದು ಹೊಟ್ಟೆಯ ಸುತ್ತ ಚೌಕಟ್ಟಿನ ಹಾಗೆ ಹೋಗುತ್ತದೆ. ಆದ್ದರಿಂದ ದಾರಿ ಕಲಿಸಲು ಹಂದಿಯ ಕರುಳು ಆಗದು. ಅದರ ತುಂಡನ್ನು ಬಳಸಿ ಪಾಲಿಪ್ ತೆಗೆಯುವುದನ್ನು, ತೂತು ಮುಚ್ಚುವುದನ್ನು ಕಲಿಸಬಹುದು, ಅಷ್ಟೇ.

ಕುರಿ, ಮೇಕೆಯದು ಸುಲಭವಾಗಿ ಸಿಗುತ್ತದಲ್ವಾ, ಅದನ್ನೇ ಬಳಸೋಣ ಅಂತ ಕೇಳುವವರು ಸುಮಾರು ಜನ. ಅವು ಮೆಲುಕು ಹಾಕುವ ಪ್ರಾಣಿಗಳು, ಹೊಟ್ಟೆಗೆ ನಾಲ್ಕು ಕೋಣೆ. ಮನುಷ್ಯರ ಹೊಟ್ಟೆಯ ಪಾಠಕ್ಕೆ ಹೊಂದುವುದಿಲ್ಲ. ಹಂದಿಯದೇ ಆಗಬೇಕು. ಕೊಡಗು, ಮಂಗಳೂರು, ಬೆಂಗಳೂರಿನಲ್ಲಿ ಹಂದಿ ಮಾಂಸದ ಅಂಗಡಿಯವರಿಗೆ ಮೊದಲೇ ಹೇಳಿಟ್ಟರೆ ಸಿಗುತ್ತದೆ. ಚೆನ್ನಾಗಿ ತೊಳೆದು ಫ್ರೀಜ್ ಮಾಡಿ, ಹಿಂದಿನ ದಿನ ಹೊರಗಿಟ್ಟು ಕರಗಿಸಿಕೊಳ್ಳಬಹುದು. ಹಂದಿಯನ್ನು ಮುಟ್ಟಲು ಮನಸ್ಸಿಲ್ಲದ ವಿದ್ಯಾರ್ಥಿಗಳು ಇರುತ್ತಾರೆ. ಅವರನ್ನು ಮುಂಚೆಯೇ ಕೇಳಿ, ಅವರಿಗೆ ಬೇರೆ ಮಾದರಿ ಇಟ್ಟುಕೊಳ್ಳುವುದು ಮರ್ಯಾದೆ. ವರ್ಕ್‌ಶಾಪಿನ ದಿನ ಎಲ್ಲರೆದುರು ಕೇಳಬಾರದು.

ಇನ್ನೊಂದು ಮಾತು ಕಡ್ಡಾಯ. ಹಂದಿಯ ಅಂಗದೊಳಗೆ ಹೋದ ಸ್ಕೋಪ್ ಮತ್ತೆ ರೋಗಿಯ ಒಳಗೆ ಹೋಗಬಾರದು. ಅದಕ್ಕೆ ಬೇರೆ ಸ್ಕೋಪ್, ಬೇರೆ ಪರಿಕರ, ತೊಳೆಯಲು ಬೇರೆ ಜಾಗ. ಇಷ್ಟು ಏರ್ಪಾಟು ಇಲ್ಲದಿದ್ದರೆ ಈ ಆಯ್ಕೆಯನ್ನು ಕೈಬಿಡಿ.

ಕಂಪ್ಯೂಟರ್ ಸಿಮ್ಯುಲೇಟರ್

ಇಲ್ಲಿ ಸ್ಕೋಪ್ ನಿಜದ ಹಾಗೇ ಇರುತ್ತದೆ, ಕರುಳು ಮಾತ್ರ ಪರದೆಯ ಮೇಲೆ. ಮೋಟರ್‌ಗಳು ಕೈಗೆ ತಡೆ ಕೊಡುತ್ತವೆ. ಇಸ್ರೇಲಿನ ಸಿಂಬಯಾನಿಕ್ಸ್ ತಯಾರಿಸಿದ ಜಿಐ ಮೆಂಟರ್ ಇದರಲ್ಲಿ ಹಳೆಯ, ದೊಡ್ಡ ಹೆಸರು. ಅಮೆರಿಕದಲ್ಲಿ ಸರ್ಜರಿ ಬೋರ್ಡ್ ಪರೀಕ್ಷೆಗೆ ಹೋಗುವವರು ಎಫ್‌ಇಎಸ್ ಅನ್ನುವ ಎಂಡೋಸ್ಕೋಪಿ ಪರೀಕ್ಷೆ ಪಾಸಾಗಬೇಕು ಅನ್ನುವ ನಿಯಮ 2018ರ ಹೊತ್ತಿಗೆ ಬಂತು. ಅದರ ಕೈಕೆಲಸದ ಭಾಗ ಇದೇ ಯಂತ್ರದ ಮೇಲೆ ನಡೆಯುತ್ತಿತ್ತು. ನಮ್ಮಲ್ಲೇ, ಬೆಂಗಳೂರಿನ ಐಐಎಸ್‌ಸಿಯಲ್ಲಿ ಮೊಳಕೆಯೊಡೆದ ಮಿಮಿಕ್ ಅನ್ನುವ ಕಂಪನಿ ಎಂಡೋಸ್ಕೋಪಿ ಸಿಮ್ಯುಲೇಟರ್ ಮಾಡಿದೆ. ದೇಶದೊಳಗೇ ರಿಪೇರಿಗೆ ಜನ ಸಿಗುವುದು ಸಣ್ಣ ವಿಷಯ ಅಲ್ಲ. ಹೊರದೇಶದಿಂದ ತರಿಸಿದ ಯಂತ್ರ ಒಂದು ಮೋಟರ್ ಕೆಟ್ಟು ತಿಂಗಳುಗಟ್ಟಲೆ ಬಟ್ಟೆ ಹೊದ್ದು ಮೂಲೆಯಲ್ಲಿ ಕೂತಿದ್ದನ್ನು ನಾನು ನೋಡಿದ್ದೇನೆ.

ಇದರ ದೊಡ್ಡ ಗುಣ ಲೆಕ್ಕ. ಎಷ್ಟು ಹೊತ್ತಾಯಿತು, ಒಳಗೋಡೆಯ ಎಷ್ಟು ಭಾಗ ನೋಡಿದರು, ಎಷ್ಟು ಸಲ ಗೋಡೆಗೆ ತಾಗಿಸಿದರು, ಎಲ್ಲ ಅದೇ ಬರೆದಿಡುತ್ತದೆ. ಗುರುಗಳು ಪಕ್ಕದಲ್ಲಿ ಇರದಿದ್ದರೂ ರಾತ್ರಿ ಹತ್ತಕ್ಕೆ ಒಬ್ಬರೇ ಕೂತು ಅಭ್ಯಾಸ ಮಾಡಬಹುದು. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡುವ ಕಾಕ್ರೇನ್ ಸಂಸ್ಥೆಯ ವಿಮರ್ಶೆಗಳು ಇದನ್ನು ತೂಗಿ ನೋಡಿವೆ. ಏನೂ ತರಬೇತಿ ಇಲ್ಲದೆ ರೋಗಿಯ ಹತ್ತಿರ ಹೋಗುವುದಕ್ಕಿಂತ ಇದರಲ್ಲಿ ಕಲಿತು ಹೋಗುವುದು ಒಳ್ಳೆಯದು. ಆದರೆ ಗುರುಗಳ ಜೊತೆ ರೋಗಿಯ ಮೇಲೆ ಕಲಿಯುವುದಕ್ಕೆ ಬದಲಿಯಾಗಿ ನಿಲ್ಲುತ್ತದೆ ಅನ್ನಲು ಆಧಾರ ಸಾಲದು.

ನನ್ನ ಅಭಿಪ್ರಾಯ ಕೇಳಿದರೆ, ಹೊಸಬರು ವರ್ಷಕ್ಕೆ ಇಪ್ಪತ್ತು ಮೂವತ್ತು ಜನ ಬರುವ ಕಡೆ ಇದು ತಕ್ಕದ್ದು. ವರ್ಷಕ್ಕೆ ಇಬ್ಬರು ಮೂವರು ಡಿಎಂ (ಎಂಡಿ ನಂತರದ ತಜ್ಞ ಕೋರ್ಸ್) ವಿದ್ಯಾರ್ಥಿಗಳಿರುವ ಕಡೆ ಲಕ್ಷಾಂತರ ರೂಪಾಯಿಯ ಯಂತ್ರಕ್ಕಿಂತ ಒಳ್ಳೆಯ ಸಿಲಿಕೋನ್ ಕರುಳು, ಜೊತೆಗೆ ಗುರುಗಳ ವಾರಕ್ಕೊಂದು ಗಂಟೆ, ಜಾಸ್ತಿ ಕೆಲಸ ಮಾಡುತ್ತದೆ.

ಸಿಲಿಕೋನ್ ಕರುಳು: ಯಾವ ವಸ್ತು?

ಜಪಾನಿನ ಕ್ಯೋಟೊ ಕಾಗಾಕು ಕಂಪನಿಯ ಕೊಲೊನೋಸ್ಕೋಪಿ ಮಾದರಿಯನ್ನು ಒಮ್ಮೆ ಬಿಚ್ಚಿ ನೋಡಿ. ಒಂದು ಮೃದು ಕೊಳವೆ, ಅದನ್ನು ಹಿಡಿದಿಡುವ ರಿಂಗ್ ಮತ್ತು ಪಟ್ಟಿಗಳು, ಆರು ಬೇರೆ ಬೇರೆ ಜೋಡಣೆಗಳು. ನೋಡಲು ಬಹಳ ಸರಳ. ಕೊಳ್ಳುವ ಶಕ್ತಿ ಇದ್ದರೆ ಕೊಳ್ಳಿ. ಕಟ್ಟುವುದಾದರೆ ವಸ್ತುವಿನ ಆಯ್ಕೆ ಹೀಗೆ.

ಸಿಟಿ ಸ್ಕ್ಯಾನ್‌ನಿಂದ ಆಕಾರ ತೆಗೆದು ನೇರವಾಗಿ 3ಡಿ ಪ್ರಿಂಟ್ ಮಾಡೋಣ ಅನ್ನುವುದು ಎಲ್ಲರ ಮೊದಲ ಆಸೆ. ಆಕಾರ ಕೂದಲೆಳೆಯಷ್ಟೂ ತಪ್ಪದೆ ಬರುತ್ತದೆ. ಆದರೆ ಬಗ್ಗುವ ಪ್ರಿಂಟಿಂಗ್‌ಗೆ ಸಾಮಾನ್ಯವಾಗಿ ಬಳಸುವ ಟಿಪಿಯು ಅನ್ನುವ ಪ್ಲಾಸ್ಟಿಕ್ ಕರುಳಿಗೆ ಹೋಲಿಸಿದರೆ ಚಪ್ಪಲಿಯ ಅಟ್ಟೆ ಇದ್ದ ಹಾಗೆ. ಸ್ಕೋಪ್ ಅದನ್ನು ಹಿಗ್ಗಿಸಲಾರದು. ಪ್ರಿಂಟರನ್ನು ಅಚ್ಚಿಗೆ ಬಳಸಿ, ಅಂಗಕ್ಕೆ ಬೇಡ.

ಅಂಗಕ್ಕೆ ನಾನು ಬಳಸುವುದು ಪ್ಲಾಟಿನಂ ಸಿಲಿಕೋನ್, ಎಕೋಫ್ಲೆಕ್ಸ್ ಅನ್ನುವ ಬ್ರ್ಯಾಂಡಿನ 00-30 ಮಟ್ಟದ ಮೃದುತನ. ಎರಡು ಬಾಟಲಿ, ಸಮಪಾಲು ಬೆರೆಸಬೇಕು. ಕೈಯಲ್ಲಿ ಸುಮಾರು 45 ನಿಮಿಷ ಇರುತ್ತದೆ, ಗಟ್ಟಿಯಾಗಲು 4 ಗಂಟೆ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಆ 45 ನಿಮಿಷ ಸಿಗುವುದಿಲ್ಲ, ಬೆಳಿಗ್ಗೆ ಬೇಗ ಸುರಿದು ಮುಗಿಸಬೇಕು. ಮೂಲ ಉದ್ದದ ಒಂಬತ್ತು ಪಟ್ಟು ಹಿಗ್ಗಿದ ಮೇಲಷ್ಟೇ ಹರಿಯುತ್ತದೆ ಅಂತ ಕಂಪನಿಯ ಹಾಳೆ ಹೇಳುತ್ತದೆ. ಆದರೆ ಒಂದು ಸಣ್ಣ ಗೀರು ಬಿದ್ದರೆ ಅಲ್ಲಿಂದ ಸೀಳಿಕೊಂಡು ಹೋಗುತ್ತದೆ. ಹಾಗಾಗಿ ಕೊಂಡಿ ಹಾಕುವ ಜಾಗಗಳಲ್ಲಿ ಹಿಗ್ಗುವ ನೆಟ್ ಬಟ್ಟೆಯ ತುಂಡನ್ನು ಒಳಗೆ ಸೇರಿಸಿಯೇ ಸುರಿಯಿರಿ. ಸೊಳ್ಳೆಪರದೆ ಬೇಡ, ಅದು ಹಿಗ್ಗುವುದಿಲ್ಲ.

ಒಂದು ಎಚ್ಚರಿಕೆ, ಪೂರ್ತಿ ಒಂದು ಕರುಳು ಕಳೆದುಕೊಂಡು ಕಲಿತದ್ದು. ನಮ್ಮ ಹುಡುಗ ಲೇಟೆಕ್ಸ್ ಗ್ಲೌಸ್ ಹಾಕಿಕೊಂಡು ಅಚ್ಚಿನ ಒಳಗೋಡೆ ಸವರಿದ್ದ. ಮಾರನೇ ದಿನ ತೆಗೆದರೆ ಹೊರಗೆಲ್ಲ ಗಟ್ಟಿ, ಅವನ ಬೆರಳು ತಾಗಿದ ಕಡೆಯೆಲ್ಲ ಹಲಸಿನ ಅಂಟಿನ ಹಾಗೆ ಜಿಗುಟು. ಗಂಧಕ ಇರುವ ಲೇಟೆಕ್ಸ್ ತಾಗಿದರೆ ಪ್ಲಾಟಿನಂ ಸಿಲಿಕೋನ್ ಗಟ್ಟಿಯಾಗುವುದಿಲ್ಲ. ಕೆಲವು ರೆಸಿನ್ ಪ್ರಿಂಟ್‌ಗಳೂ ಹೀಗೇ ಕೈಕೊಡುತ್ತವೆ. ನೈಟ್ರೈಲ್ ಗ್ಲೌಸ್ ಹಾಕಿ, ಪಿಎಲ್‌ಎ ಅನ್ನುವ ಪ್ಲಾಸ್ಟಿಕ್ಕಿನಲ್ಲಿ ಪ್ರಿಂಟ್ ಮಾಡಿದ ಅಚ್ಚು ಬಳಸಿ. ಹೊಸ ಅಚ್ಚಾದರೆ ಮೊದಲು ಮೂಲೆಯಲ್ಲಿ ಒಂದು ಚಮಚ ಸುರಿದು ನೋಡಿ.

ಲೇಟೆಕ್ಸ್ ಕರುಳೂ ಒಂದು ಆಯ್ಕೆ. ತೆಳ್ಳಗೆ ಬರುತ್ತದೆ, ಚೆನ್ನಾಗಿ ಎಳೆದುಕೊಳ್ಳುತ್ತದೆ. ಆದರೆ ಕಾಲ ಕಳೆದಂತೆ ಬಿರುಕು ಬಿಡುತ್ತದೆ, ಅಲರ್ಜಿ ಇರುವವರಿಗೆ ಆಗದು. ಪಾಲಿಪ್ ಸುಡುವ ಪಾಠಕ್ಕೆ ಎರಡೂ ಬೇಡ, ಅವುಗಳಲ್ಲಿ ಕರೆಂಟ್ ಹರಿಯುವುದಿಲ್ಲ. ಉಪ್ಪು ಹಾಕಿದ ಜೆಲಟಿನ್ ಅಥವಾ ಅಗರ್ ಜೆಲ್ಲಿಯಲ್ಲಿ ಪಾಲಿಪ್ ಎರೆದು, ಅದನ್ನು ಸಣ್ಣ ಬಟ್ಟಲಿನಲ್ಲಿ ಕೂರಿಸಿ, ಬಟ್ಟಲಿನ ತಳವನ್ನು ಡಯಾಥರ್ಮಿ (ಕರೆಂಟಿನಿಂದ ಸುಡುವ ಯಂತ್ರ) ಪ್ಲೇಟಿಗೆ ಸೇರಿಸಿ. ಇದನ್ನು ಕರುಳಿನೊಳಗೆ ಇಡದೆ ಬೇರೆ ಪೆಟ್ಟಿಗೆಯಲ್ಲೇ ಇಡಿ. ಜೆಲ್ಲಿ ಎರಡು ದಿನಕ್ಕೆ ಕೆಡುತ್ತದೆ, ಅಂದಂದಿಗೆ ಎರೆಯಬೇಕು.

ಜಾರಿಕೆಯ ವಿಷಯ ಮರೆಯಬೇಡಿ. ಒಣ ಸಿಲಿಕೋನ್ ಸ್ಕೋಪನ್ನು ಹಿಡಿದುಕೊಂಡುಬಿಡುತ್ತದೆ. ಸಿಲಿಕೋನ್ ಎಣ್ಣೆ ಹಾಕಿದರೆ ಕರುಳೇ ಊದಿಕೊಳ್ಳುತ್ತದೆ. ವ್ಯಾಸಲೀನ್ ಸ್ಕೋಪಿನ ತುದಿಯ ರಬ್ಬರನ್ನು ಹಾಳು ಮಾಡುತ್ತದೆ. ನೀರಿನಲ್ಲಿ ಕರಗುವ ಜೆಲ್ಲಿ ಸಾಕು, ಹದಿನೈದು ನಿಮಿಷಕ್ಕೊಮ್ಮೆ ಮತ್ತೆ ಹಾಕಬೇಕು.

ಒಳಗಿನ ನೋಟಕ್ಕೆ ಎಷ್ಟು ಶ್ರಮ ಹಾಕಬೇಕು? ದಾರಿ ಗುರುತಿಸಲು ಬೇಕಾದಷ್ಟು. ಟ್ರಾನ್ಸ್‌ವರ್ಸ್, ಅಂದರೆ ಅಡ್ಡಭಾಗದ, ಕೊಳವೆ ತ್ರಿಕೋನವಾಗಿ ಕಾಣಬೇಕು, ಅದನ್ನು ನೋಡಿಯೇ ಡಾಕ್ಟರುಗಳು ಎಲ್ಲಿದ್ದೇವೆ ಅಂತ ಹೇಳುತ್ತಾರೆ. ಬಲ ಮೇಲಿನ ತಿರುವಿನಲ್ಲಿ ಯಕೃತ್ತು ಕರುಳಿನ ಗೋಡೆಯಾಚೆ ತಿಳಿನೀಲಿಯಾಗಿ ಕಾಣುತ್ತದೆ. ಅದಕ್ಕೆ ಅರೆಪಾರದರ್ಶಕ ಸಿಲಿಕೋನ್ ಹಿಂದೆ ಒಂದು ನೀಲಿ ಬಟ್ಟೆಯ ತುಂಡು ಅಂಟಿಸಿದರೆ ಆಯಿತು. ಮೊದಲ ಸಲ ಅದನ್ನು ನೋಡಿದ ಹಿರಿಯ ಡಾಕ್ಟರೊಬ್ಬರು "ಅರೆ, ಲಿವರ್!" ಅಂದರು. ಆ ದಿನದ ಸಂತೋಷ ಇನ್ನೂ ನೆನಪಿದೆ. ಕೊನೆಯಲ್ಲಿ ಅಪೆಂಡಿಕ್ಸ್‌ನ ಬಾಯಿ, ಸಣ್ಣ ಕರುಳು ಸೇರುವ ಕವಾಟ, ಎರಡೂ ಇರಲಿ. ಸೀಕಮ್ ತಲುಪಿದ ಪುರಾವೆ ಅವೇ. ಇದರ ಮೇಲೆ ಒಂದೊಂದು ರಕ್ತನಾಳ ಬರೆಯುತ್ತಾ ಕೂರಬೇಡಿ. ಆ ಸಮಯ ಮುಂದಿನ ಭಾಗಕ್ಕೆ ಬೇಕು.

ಕರುಳನ್ನು ಹಿಡಿದಿರುವುದು ಏನು?

ಕರುಳು ಎಷ್ಟು ಚೆಂದ ಇದ್ದರೂ ಅದನ್ನು ಹೇಗೆ ಕಟ್ಟಿದ್ದೀರಿ ಅನ್ನುವುದರ ಮೇಲೆ ಪಾಠ ನಿಂತಿದೆ. ನಾನು ಹೇಳಬೇಕು ಅಂತ ಹೊರಟ ಮುಖ್ಯ ಮಾತು ಇದು. ಕೊಳ್ಳುವಾಗಲೂ ಮೊದಲು ನೋಡಬೇಕಾದ್ದು ಇದನ್ನೇ.

ನಮ್ಮ ಹೊಟ್ಟೆಯಲ್ಲಿ ದೊಡ್ಡ ಕರುಳಿನ ಎಡ ಬಲ ಕಂಬಗಳು, ಅಂದರೆ ಇಳಿಯುವ ಮತ್ತು ಏರುವ ಭಾಗಗಳು, ಹಿಂದಿನ ಗೋಡೆಗೆ ಅಂಟಿಕೊಂಡಿರುತ್ತವೆ. ಸಿಗ್ಮಾಯ್ಡ್ ಮತ್ತು ಅಡ್ಡಭಾಗ ಮೆಸೆಂಟರಿ ಅನ್ನುವ ಪೊರೆಯಲ್ಲಿ ಜೋತಾಡುತ್ತವೆ. ಸ್ಕೋಪ್ ತಳ್ಳಿದಾಗ ಜೋತಾಡುವ ಭಾಗ ಸರಿದು ಹಿಗ್ಗುತ್ತದೆ, ಅಂಟಿದ ಭಾಗ ಅಲುಗದೆ ನಿಲ್ಲುತ್ತದೆ. ಈ ಎರಡರ ನಡುವಿನ ಮೂಲೆಯಲ್ಲೇ ಲೂಪ್ ಹುಟ್ಟುವುದು.

ನನ್ನ ಮೊದಲ ಮಾದರಿಯಲ್ಲಿ ಕರುಳನ್ನು ಫೋಮಿನ ಗುಳಿಯಲ್ಲಿ ಮಲಗಿಸಿದ್ದೆ. ನೋಡಲು ಪುಸ್ತಕದ ಚಿತ್ರದ ಹಾಗೇ ಇತ್ತು. ಒಬ್ಬ ಪಿಜಿ ವಿದ್ಯಾರ್ಥಿ ನಾಲ್ಕೇ ನಿಮಿಷದಲ್ಲಿ ಸೀಕಮ್ ಮುಟ್ಟಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಪ್ರೊಫೆಸರ್ ಮಾತ್ರ ಸ್ಕೋಪಿನ ಮೇಲಿನ ಸೆಂಟಿಮೀಟರ್ ಗುರುತನ್ನೇ ನೋಡುತ್ತಾ ನಿಂತಿದ್ದರು. "ಇವನು ಸುಮ್ನೆ ತಳ್ಕೊಂಡು ಹೋದ ಅಲ್ವಾ?" ಅಂದರು. ಹೌದು. ಫೋಮು ಕರುಳನ್ನು ಸುತ್ತಲೂ ಹಿಡಿದಿತ್ತು, ಅದು ಎಲ್ಲಿಗೂ ಸರಿಯುವ ಹಾಗಿರಲಿಲ್ಲ. ತಳ್ಳಿದರೆ ಹೋಗುತ್ತದೆ ಅನ್ನುವ ತಪ್ಪು ಪಾಠವನ್ನು ನನ್ನ ಮಾದರಿ ಕಲಿಸಿತ್ತು.

ಫೋಮು ಕಿತ್ತೆ. ಎಡ ಬಲ ಕಂಬಗಳನ್ನು ಅಗಲ ವೆಲ್ಕ್ರೊ ಪಟ್ಟಿಯಿಂದ ಹಿಂದಿನ ಹಲಗೆಗೆ ಕಟ್ಟಿದೆ. ಸಿಗ್ಮಾಯ್ಡ್‌ಗೆ ಮೊದಲು ಲಂಗದ ಲಾಡಿ ಕಟ್ಟಿ ನೋಡಿದೆ. ಲಾಡಿ ಹಿಗ್ಗುವುದಿಲ್ಲ, ಒಂದು ಹಂತಕ್ಕೆ ಬಂದು ಗಕ್ಕನೆ ನಿಂತುಬಿಡುತ್ತಿತ್ತು. ನಿಜವಾದ ಮೆಸೆಂಟರಿ ಹಾಗೆ ನಿಲ್ಲುವುದಿಲ್ಲ, ಹಿಗ್ಗುತ್ತಾ ಹಿಗ್ಗುತ್ತಾ ಬಿಗಿಯಾಗುತ್ತದೆ. ಆಮೇಲೆ ದರ್ಜಿ ಅಂಗಡಿಯ ಎಲಾಸ್ಟಿಕ್ ಹಾಕಿದೆ. ಒಂದು ಅಗಲ ಪಟ್ಟಿಯ ಬದಲು ಬೀಸಣಿಗೆಯ ಹಾಗೆ ಹರಡಿದ ಐದು ತೆಳು ಪಟ್ಟಿಗಳು, ಎಲ್ಲದರ ಬುಡ ಒಂದೇ ಕಡೆ. ಆಗ ಕರುಳು ಸರಿಯುವುದರ ಜೊತೆ ತಿರುಚಿಕೊಳ್ಳಲೂ ಶುರುವಾಯಿತು. ತಿರುಚಿಕೊಂಡರೆ ಆಲ್ಫಾ ಲೂಪ್, ಬರೀ ಮೇಲಕ್ಕೆ ಬಾಗಿದರೆ ಎನ್ ಲೂಪ್. ಪಟ್ಟಿಗಳ ಉದ್ದ ಬದಲಿಸಿದರೆ ಒಂದೇ ಕರುಳು ಸುಲಭದ್ದೂ ಆಗುತ್ತದೆ, ಕಷ್ಟದ್ದೂ ಆಗುತ್ತದೆ.

ಅದೇ ಪಿಜಿ ಹುಡುಗ ಮತ್ತೆ ಬಂದ. ನಲವತ್ತು ಸೆಂಟಿಮೀಟರ್‌ಗೆ ಸಿಕ್ಕಿಹಾಕಿಕೊಂಡ. ತಳ್ಳಿದ, ಚಿತ್ರ ಹಿಂದೆ ಬಂತು. ಪ್ರೊಫೆಸರ್ ಅವನ ಬಲಗೈಯ ಮೇಲೆ ತಮ್ಮ ಕೈ ಇಟ್ಟು, ನಿಧಾನ ಬಲಕ್ಕೆ ತಿರುಚುತ್ತಾ ಹಿಂದಕ್ಕೆ ಎಳೆದರು. ಪಾರದರ್ಶಕ ಮುಚ್ಚಳದ ಕೆಳಗೆ ಸುತ್ತು ಬಿಚ್ಚಿಕೊಂಡಿತು. ಪರದೆಯ ಮೇಲೆ ಚಿತ್ರ ತಾನಾಗಿ ಮುಂದಕ್ಕೆ ಜಾರಿತು. ಹುಡುಗ ಏನೂ ಮಾತಾಡಲಿಲ್ಲ, ಸ್ಕೋಪನ್ನು ಪೂರ್ತಿ ಹೊರಗೆ ತೆಗೆದು ಮತ್ತೆ ಮೊದಲಿನಿಂದ ಶುರು ಮಾಡಿದ.

ಆದ್ದರಿಂದ ಯಾವ ಮಾದರಿ ತೋರಿಸಿದರೂ ಇಷ್ಟನ್ನು ಪರೀಕ್ಷಿಸಿ. ಲೂಪ್ ಬಿಡಿಸಿ ನೇರವಾಗಿ ಸೀಕಮ್ ತಲುಪಿದರೆ ಸ್ಕೋಪಿನ ಗುರುತು 70ರಿಂದ 80 ಸೆಂಟಿಮೀಟರ್ ತೋರಿಸಬೇಕು. ಲೂಪ್ ಹಾಗೇ ಇಟ್ಟುಕೊಂಡು ಹೋದರೆ ನೂರು ದಾಟಬೇಕು. ಎರಡೂ ಸಲ ಒಂದೇ ಅಂಕಿ ಬಂದರೆ ಆ ಮಾದರಿಯಲ್ಲಿ ಲೂಪ್ ಇಲ್ಲ. ಮುಚ್ಚಳ ತೆಗೆದು ಹೊಟ್ಟೆಯನ್ನು ಕೈಯಿಂದ ಒತ್ತಲು ಆಗಬೇಕು, ಯಾಕೆಂದರೆ ನಿಜವಾದ ರೂಮಿನಲ್ಲಿ ಸಿಸ್ಟರ್ ಹಾಗೆ ಒತ್ತಿಯೇ ಲೂಪ್ ತಡೆಯುತ್ತಾರೆ. ಎಡಮಗ್ಗುಲಿನಿಂದ ಅಂಗಾತ ತಿರುಗಿಸಲೂ ಬರಬೇಕು. ಗಾಳಿ ತುಂಬಿದರೆ ಕರುಳು ಹಿಗ್ಗಿ ನಿಲ್ಲಬೇಕು, ಬಾಯಿಯ ರಿಂಗ್ ಸಡಿಲ ಇದ್ದರೆ ಎಲ್ಲ ಸೋರಿ ಕರುಳು ಬಾಡಿಬಿಡುತ್ತದೆ.

ಸಾಧ್ಯವಾದರೆ ಸಿಗ್ಮಾಯ್ಡ್ ಎಲಾಸ್ಟಿಕ್ಕಿಗೆ ಒಂದು ಸಣ್ಣ ಸ್ವಿಚ್, ಬಜರ್ ಸೇರಿಸಿ. ಮಿತಿ ಮೀರಿ ಹಿಗ್ಗಿದರೆ ಕೂಗಲಿ. ಮೇಜಿನ ಮೇಲಿರುವ ಕರುಳಿಗೆ ನೋವಿಲ್ಲ, ಆದರೆ ನೋವಾಗುವ ಜಾಗ ಕಲಿಯುವವರಿಗೆ ಗೊತ್ತಾಗಬೇಕು.

ಹಳೆಯ ಸ್ಕೋಪಿನ ಮೋಸ

ಅಭ್ಯಾಸಕ್ಕೆ ಆಸ್ಪತ್ರೆಯವರು ಕೊಡುವುದು ಸಾಮಾನ್ಯವಾಗಿ ಹಳೆಯ ಸ್ಕೋಪ್. ಒಳಗಿನ ತಂತಿಗಳು ಎಳೆದು ಸಡಿಲವಾಗಿರುತ್ತವೆ. ಚಕ್ರ ಪೂರ್ತಿ ತಿರುಗಿಸಿದರೂ ತುದಿ ಅರ್ಧವೇ ಬಗ್ಗುತ್ತದೆ. ಒಳ್ಳೆಯ ಸ್ಥಿತಿಯಲ್ಲಿರುವ ಕೊಲೊನೋಸ್ಕೋಪಿನ ತುದಿ ಮೇಲೆ ಕೆಳಗೆ 180 ಡಿಗ್ರಿ, ಎಡ ಬಲಕ್ಕೆ 160 ಡಿಗ್ರಿ ಬಗ್ಗಬೇಕು. ಕಾಗದದ ಮೇಲೆ ಕೋನಮಾಪಕ ಬರೆದು ಅದರ ಮೇಲಿಟ್ಟು ನೋಡಿ. ತುಂಬಾ ಕಡಿಮೆ ಇದ್ದರೆ ಎಂಥ ಮಾದರಿ ಕೊಂಡರೂ ಕೈ ತಪ್ಪು ಲೆಕ್ಕ ಕಲಿಯುತ್ತದೆ. ಅಂಗಡಿಯಲ್ಲಿ ಸಿಗುವ ಯುಎಸ್‌ಬಿ ಕ್ಯಾಮೆರಾ ಕೊಳವೆ ಒಳಗಿನ ಬಣ್ಣ ಪರಿಶೀಲಿಸಲು ಮಾತ್ರ ಸರಿ, ಅದರ ತುದಿ ಚಕ್ರದಿಂದ ಬಗ್ಗುವುದಿಲ್ಲ.

ಯಾರಿಗೆ ಯಾವುದು?

ಜಿಲ್ಲಾ ಮಟ್ಟದ ಕಾಲೇಜು, ಸರ್ಜರಿ ಪಿಜಿಗಳಿಗೆ ಪರಿಚಯ ಮಾಡಿಸಬೇಕು ಅಷ್ಟೇ ಅನ್ನುವುದಾದರೆ ಪೆಟ್ಟಿಗೆ ಮಾದರಿ ಮತ್ತು ಒಂದು ಸಿಲಿಕೋನ್ ಕರುಳು. ಗ್ಯಾಸ್ಟ್ರೊ ಡಿಎಂ ಇರುವ ಕಡೆ ಎಲಾಸ್ಟಿಕ್ ಬದಲಿಸಬಹುದಾದ ಸಿಲಿಕೋನ್ ಕರುಳು, ವರ್ಷಕ್ಕೆ ಎರಡು ಸಲ ಹಂದಿ ಹೊಟ್ಟೆಯ ವರ್ಕ್‌ಶಾಪ್. ಹಲವು ಕಾಲೇಜುಗಳಿಗೆ ಒಂದೇ ಕೇಂದ್ರವಾಗಿ ತರಬೇತಿ ಕೊಡುವವರಿಗೆ ಕಂಪ್ಯೂಟರ್ ಸಿಮ್ಯುಲೇಟರ್, ಜೊತೆಗೆ ವರ್ಷದ ನಿರ್ವಹಣೆಯ ಕರಾರು ಲಿಖಿತವಾಗಿ. ಕರಾರಿಲ್ಲದೆ ಸಹಿ ಹಾಕಬೇಡಿ.

ಯಾವುದೇ ತಂದರೂ ತಂದ ವಾರದಲ್ಲೇ ಮೂವರನ್ನು ಕೂರಿಸಿ: ಸಾವಿರಾರು ಕೇಸ್ ಮಾಡಿದ ಒಬ್ಬರು, ಎರಡನೇ ವರ್ಷದ ಒಬ್ಬರು, ಸ್ಕೋಪ್ ಮುಟ್ಟದ ಒಬ್ಬರು. ಸೀಕಮ್ ತಲುಪಿದ ಸಮಯ, ಆಗ ಸ್ಕೋಪಿನ ಉದ್ದ, ಎರಡನ್ನೂ ಬರೆದುಕೊಳ್ಳಿ. ವಾಪಸ್ ಬರುವಾಗ ಗೋಡೆಗಳನ್ನು ನೋಡಲು ಎಷ್ಟು ಹೊತ್ತು ಕೊಟ್ಟರು ಅನ್ನುವುದನ್ನೂ ಬರೆಯಿರಿ, ನಿಜವಾದ ಪರೀಕ್ಷೆಯಲ್ಲಿ ಅದು ಕನಿಷ್ಠ 6 ನಿಮಿಷ ಇರಬೇಕು. ಮೂವರ ಅಂಕಿಗಳೂ ಒಂದೇ ಥರ ಬಂದರೆ ಆ ಮಾದರಿ ಏನನ್ನೂ ಅಳೆಯುತ್ತಿಲ್ಲ. ಅನುಭವಿಗಳನ್ನು "ಚೆನ್ನಾಗಿದೆಯಾ ಸರ್?" ಅಂತ ಕೇಳಬೇಡಿ. ಒಳ್ಳೆಯ ಮನಸ್ಸಿನವರು ಚೆನ್ನಾಗಿದೆ ಅಂತಲೇ ಹೇಳುತ್ತಾರೆ. "ರೋಗಿಯ ಮೇಲೆ ಮಾಡುವಾಗಿನದಕ್ಕಿಂತ ನಿಮ್ಮ ಬಲಗೈ ಎಲ್ಲಿ ಬೇರೆ ಥರ ಮಾಡಿತು?" ಅಂತ ಕೇಳಿ. ಆಗ ನಿಜ ಹೊರಗೆ ಬರುತ್ತದೆ.

ಸಿಲಿಕೋನ್ ಕರುಳು ಇಟ್ಟುಕೊಂಡವರಿಗೆ ಇನ್ನೊಂದು ಕೆಲಸ ಇದೆ. ಎಲಾಸ್ಟಿಕ್ ದಿನ ಕಳೆದಂತೆ ಸೋಲುತ್ತದೆ. ಲೂಪ್ ತಾನಾಗಿ ಸುಲಭವಾಗುತ್ತಾ ಹೋಗುತ್ತದೆ, ನೀವು ವಿದ್ಯಾರ್ಥಿಗಳು ಕಲಿತರು ಅಂದುಕೊಳ್ಳುತ್ತೀರಿ. ಲಗೇಜ್ ತೂಗುವ ಕೊಕ್ಕೆ ತಕ್ಕಡಿ ಒಂದು ತಂದಿಡಿ. ಪ್ರತಿ ಬ್ಯಾಚಿನ ಮೊದಲ ದಿನ ಒಂದೊಂದು ಪಟ್ಟಿಯನ್ನೂ ಹತ್ತು ಸೆಂಟಿಮೀಟರ್ ಎಳೆದು, ಎಷ್ಟು ಗ್ರಾಂ ತೋರಿಸುತ್ತದೆ ಅಂತ ಮುಚ್ಚಳದ ಒಳಬದಿಯಲ್ಲೇ ಮಾರ್ಕರ್‌ನಿಂದ ಬರೆಯಿರಿ. ಅಂಕಿ ಇಳಿದ ಪಟ್ಟಿಯನ್ನು ಅವತ್ತೇ ಬದಲಿಸಿ.